ಪೊರೆ ಹೋಯಿತು, ಪಥ್ಯ ಉಳಿಯಿತು

ಮನೆಯ ಹಿರಿಯರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತೆಂದರೆ ನೋಡಲು ಬಂದವರು ಬ್ರೆಡ್ಡು ಹಣ್ಣಿನ ಜೊತೆ ಒಂದೊಂದು ಸಲಹೆಯನ್ನೂ ಕೊಟ್ಟು ಹೋಗುತ್ತಾರೆ. ಬದನೆಕಾಯಿ ನಂಜು, ಬೇಳೆ ತಿಂದರೆ ಕೀವಾಗುತ್ತದೆ, ನಲವತ್ತು ದಿನ ತಲೆಗೆ ನೀರು ಸೋಕಿಸಬಾರದು, ಬಗ್ಗಬಾರದು, ಟಿವಿ ನೋಡಬಾರದು, ಅಳಲೂಬಾರದು. ಇವನ್ನೆಲ್ಲ ಮೂಢನಂಬಿಕೆ ಎಂದು ನಕ್ಕುಬಿಡುವುದು ಸುಲಭ. ಆದರೆ ಇವುಗಳಲ್ಲಿ ಹಲವು ಒಂದು ಕಾಲಕ್ಕೆ ವೈದ್ಯರೇ ಹೇಳಿ ಕಳಿಸಿದ ಮಾತುಗಳು. ಆಪರೇಷನ್ನಿನ ರೀತಿ ಪೂರ್ತಿ ಬದಲಾಯಿತು. ಮನೆಯವರ ಬಾಯಲ್ಲಿದ್ದ ಸಲಹೆಗಳು ಮಾತ್ರ ಹಾಗೇ ನಿಂತವು.

ಐವತ್ತು ವರ್ಷದ ಹಿಂದೆ ಹೇಗಿತ್ತು ನೋಡಿ. ಕರಿಗುಡ್ಡೆಯ ಅಂಚಿನಲ್ಲಿ ಹೆಚ್ಚುಕಡಿಮೆ ಅರ್ಧ ವೃತ್ತದಷ್ಟು ಕೊಯ್ದು, ಮಂಜಾದ ಮಸೂರವನ್ನು ಅದರ ಚೀಲದ ಸಮೇತ ಹೊರಗೆ ತೆಗೆಯುತ್ತಿದ್ದರು. ಅಷ್ಟು ದೊಡ್ಡ ಗಾಯ ಕೂಡಬೇಕೆಂದರೆ ರೋಗಿ ಅಲುಗಾಡದೆ ಮಲಗಬೇಕಿತ್ತು. ಕೆಮ್ಮಿದರೂ ತಿಣುಕಿದರೂ ಹೊಲಿಗೆ ಬಿಚ್ಚುವ ಭಯ. ಡಾ. ಎಂ. ಸಿ. ಮೋದಿಯವರು ಊರೂರಿನ ಶಾಲೆ, ಛತ್ರಗಳಲ್ಲಿ ನೇತ್ರ ಶಿಬಿರ ನಡೆಸಿ ಸಾವಿರಾರು ಜನರಿಗೆ ದೃಷ್ಟಿ ಕೊಟ್ಟದ್ದು ಆ ಕಾಲದಲ್ಲಿ. ಆ ಶಿಬಿರಗಳಲ್ಲಿ ಆಪರೇಷನ್ ಮಾಡಿಸಿಕೊಂಡ ಅಜ್ಜ ಅಜ್ಜಿಯರನ್ನು ನೋಡಿಕೊಂಡ ಮಕ್ಕಳು ಇವತ್ತು ಸ್ವತಃ ಪೊರೆ ಬಂದ ವಯಸ್ಸಿನವರು. ಅಂದು ಕಂಡ ಪಥ್ಯವನ್ನೇ ಇಂದು ತಮಗೂ ಅನ್ವಯಿಸಿಕೊಳ್ಳುತ್ತಿದ್ದಾರೆ.

ಅಲ್ಟ್ರಾಸೌಂಡ್ ಕಂಪನದಿಂದ ಪೊರೆ ಒಡೆದು ತೆಗೆಯುವ ಈಗಿನ ಫೇಕೋ ವಿಧಾನದಲ್ಲಿ ಕೊಯ್ತ ಮೂರು ಮಿಲಿಮೀಟರಿಗೂ ಕಡಿಮೆ. ಒಳಗಿನ ಒತ್ತಡಕ್ಕೆ ತಾನೇ ಮುಚ್ಚಿಕೊಳ್ಳುವಂತೆ ಅದನ್ನು ಓರೆಯಾಗಿ ಮಾಡಿರುತ್ತಾರೆ, ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ಶಿಬಿರಗಳಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಮಾಡುವ ಕೈಯಿಂದಲೇ ತೆಗೆಯುವ ಸಣ್ಣ ಕೊಯ್ತದ ವಿಧಾನದಲ್ಲಿ ಅದು ಆರೇಳು ಮಿಲಿಮೀಟರ್ ಇರುತ್ತದೆ. ಅದಕ್ಕೂ ಬಹುತೇಕ ಹೊಲಿಗೆಯಿಲ್ಲ. ಅಗ್ಗದ ಆಪರೇಷನ್ ಎಂದು ಅದನ್ನು ಕೀಳಾಗಿ ಕಾಣಬೇಕಿಲ್ಲ. ಪಳಗಿದ ಕೈಯಲ್ಲಿ ಎರಡರ ಫಲಿತಾಂಶವೂ ಸರಿಸಮ. ತುಂಬ ಗಟ್ಟಿಯಾದ ಪೊರೆಗೆ ಕೆಲವು ವೈದ್ಯರು ಅದನ್ನೇ ಆರಿಸಿಕೊಳ್ಳುವುದೂ ಉಂಟು.

“ಪೊರೆ ಇನ್ನೂ ಬಲಿಯಲಿ”

ಇದೂ ಹಳೆಯ ಕಾಲದ್ದೇ. ಚೀಲ ಸಮೇತ ತೆಗೆಯುವಾಗ ಬಲಿತ ಪೊರೆ ಸಲೀಸಾಗಿ ಬರುತ್ತಿತ್ತು. ಆಪರೇಷನ್ ಆದ ಮೇಲೆ ದಪ್ಪ ಗಾಜಿನ ಕನ್ನಡಕವೇ ಗತಿ, ಅದರಲ್ಲಿ ಎದುರಿನ ವಸ್ತು ಕಾಲು ಪಾಲಿನಷ್ಟು ದೊಡ್ಡದಾಗಿ ಕಂಡು ಮೆಟ್ಟಿಲು ಇಳಿಯುವುದೇ ಕಷ್ಟ. ಆದ್ದರಿಂದ ಪೂರ್ತಿ ಕಾಣದಾಗುವವರೆಗೆ ಕಾಯುವುದರಲ್ಲಿ ಅರ್ಥವಿತ್ತು. ಈಗ ಕಾದಷ್ಟೂ ಮಸೂರ ಗಟ್ಟಿಯಾಗುತ್ತದೆ, ಅದನ್ನು ಒಡೆಯಲು ಹೆಚ್ಚು ಅಲ್ಟ್ರಾಸೌಂಡ್ ಶಕ್ತಿ ಬೇಕಾಗುತ್ತದೆ, ಕರಿಗುಡ್ಡೆಯ ಮುಂದಿನ ಪಾರದರ್ಶಕ ಪಟಲ ಊದಿಕೊಂಡು ಚೇತರಿಕೆ ನಿಧಾನವಾಗುತ್ತದೆ. ತೀರಾ ಬಲಿತರೆ ಮಸೂರ ಉಬ್ಬಿಯೋ ಸೋರಿಯೋ ಕಣ್ಣಿನ ಒತ್ತಡ ಒಮ್ಮೆಗೇ ಏರಬಹುದು. ಆಗ ಸಹಿಸಲಾರದ ನೋವು, ಶಾಶ್ವತ ಕುರುಡಿನ ಭಯ. ಹಾಗೆಂದು ಪರೀಕ್ಷೆಯಲ್ಲಿ ತುಸು ಪೊರೆ ಕಂಡಿತೆಂದು ಮರುದಿನವೇ ಓಡಬೇಕಾಗಿಯೂ ಇಲ್ಲ. ಪೇಪರ್ ಓದಲು, ಅಕ್ಕಿ ಆರಿಸಲು, ರಾತ್ರಿ ಗಾಡಿ ಓಡಿಸಲು, ಬಸ್ಸಿನ ಬೋರ್ಡು ನೋಡಲು ತೊಂದರೆಯಾಗುತ್ತಿದೆಯೇ? ಆಗ ಮಾಡಿಸಬಹುದು.

ಬೇಸಿಗೆ ಬೇಡ, ದೀಪಾವಳಿ ಕಳೆಯಲಿ ಎನ್ನುವುದಕ್ಕೆ ಒಂದೇ ಉತ್ತರ: ಆಪರೇಷನ್ ಕೋಣೆಯೊಳಗೆ ಋತುಗಳಿಲ್ಲ.

ಪೊರೆಯನ್ನು ಕರಗಿಸುವುದಾಗಿ ಹೇಳಿಕೊಂಡು ಮಾರುವ ಡ್ರಾಪ್ಸ್‌ಗಳ ಬಗ್ಗೆಯೂ ಒಂದು ಮಾತು. ಕಣ್ಣೊಳಗಿನ ಮಸೂರದ ಪ್ರೋಟೀನೇ ಕೆಟ್ಟು ಮಂಜಾಗುವುದು ಪೊರೆ. ಮೊಟ್ಟೆಯ ಬಿಳಿಭಾಗ ಬೆಂದ ಮೇಲೆ ಮತ್ತೆ ತಿಳಿಯಾಗುವುದುಂಟೇ? ಪೊರೆಯನ್ನು ತಿಳಿಯಾಗಿಸುತ್ತದೆ ಎಂದು ರುಜುವಾತಾದ ಡ್ರಾಪ್ಸ್ ಇವತ್ತಿನವರೆಗೆ ಒಂದೂ ಇಲ್ಲ.

“ಲೇಸರ್‌ನಲ್ಲಿ ಸುಟ್ಟು ತೆಗೆದರು”

ಆಪರೇಷನ್ ಮಾಡಿಸಿಕೊಂಡ ಹತ್ತರಲ್ಲಿ ಏಳೆಂಟು ಜನ ಹೀಗೇ ಹೇಳುತ್ತಾರೇನೋ. ನಿಜದಲ್ಲಿ ಅವರಿಗೆ ಆಗಿರುವುದು ಅಲ್ಟ್ರಾಸೌಂಡ್ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವ ಫೇಕೋ. ಅಮೆರಿಕದ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಶುರುಮಾಡಿದ್ದು. ಲೇಸರ್ ಬಳಸುವ ದುಬಾರಿ ವಿಧಾನವೂ ಇದೆ. ಅದರಲ್ಲಿ ಕೊಯ್ತ ಹಾಕುವಂಥ ಕೆಲವು ಹಂತಗಳನ್ನು ಲೇಸರ್ ಮಾಡುತ್ತದೆ, ಉಳಿದದ್ದಕ್ಕೆ ಮತ್ತೆ ಅದೇ ಫೇಕೋ. ಕೊನೆಗೆ ಸಿಗುವ ದೃಷ್ಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಬಿಲ್ಲಿನಲ್ಲಿ ಇದೆ. ಇನ್ನು ಕಣ್ಣುಗುಡ್ಡೆಯನ್ನೇ ಕಿತ್ತು, ತೊಳೆದು, ಮತ್ತೆ ಕೂರಿಸುತ್ತಾರೆ ಎಂಬ ಕಥೆ ಹಳ್ಳಿಗಳಲ್ಲಿ ಇನ್ನೂ ಜೀವಂತವಾಗಿದೆ. ಅದಕ್ಕೆ ಹೆದರಿ ಶಿಬಿರದಿಂದ ತಪ್ಪಿಸಿಕೊಂಡವರಿದ್ದಾರೆ. ಕಣ್ಣು ತನ್ನ ಜಾಗದಲ್ಲೇ ಇರುತ್ತದೆ. ಹೊರಗೆ ಬರುವುದು ಮಸೂರದ ಚೂರುಗಳು ಮಾತ್ರ.

“ಪಕ್ಕದ ಮನೆಯವರಿಗೆ ಮಾರನೇ ದಿನವೇ ಚೆನ್ನಾಗಿ ಕಂಡಿತಂತೆ, ನನಗೇಕಿಲ್ಲ?”

ಹೆಚ್ಚು ಜನರ ನಿದ್ದೆಗೆಡಿಸುವ ಪ್ರಶ್ನೆ ಇದು. ಪಟ್ಟಿ ಬಿಚ್ಚಿದ ಕೂಡಲೇ ಗೋಡೆಯ ಕ್ಯಾಲೆಂಡರ್ ಓದಿದವರು ನಿಜಕ್ಕೂ ಇದ್ದಾರೆ. ಆದರೆ ಎಷ್ಟೋ ಜನರಿಗೆ ಮೊದಲ ಕೆಲವು ದಿನ ಮಬ್ಬು ಮಬ್ಬಾಗಿಯೇ ಕಾಣುತ್ತದೆ. ಪಟಲ ತುಸು ಊದಿರುತ್ತದೆ, ಪಾಪೆ ಹಿಗ್ಗಿಸಲು ಹಾಕಿದ ಔಷಧಿ ಪೂರ್ತಿ ಇಳಿದಿರುವುದಿಲ್ಲ. ಪೊರೆ ಕಂದು ಬಣ್ಣಕ್ಕೆ ತಿರುಗುವಷ್ಟು ಬಲಿತಿದ್ದರೆ ಈ ಮಬ್ಬು ಕೆಲವು ವಾರಗಳೇ ಇರಬಹುದು. ಕಣ್ಣಿನ ಅಳತೆ ಒಂದು ನೆಲೆಗೆ ನಿಲ್ಲಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ಕನ್ನಡಕದ ಚೀಟಿ ಆಗ ಬರೆಯುತ್ತಾರೆ. ಅದಕ್ಕೂ ಮುಂಚೆ ಅವಸರದಲ್ಲಿ ಮಾಡಿಸಿದ ಕನ್ನಡಕ ಡ್ರಾಯರಿನಲ್ಲಿ ಉಳಿಯುವುದೇ ಹೆಚ್ಚು.

ಕಣ್ಣಲ್ಲಿ ಮರಳು ಬಿದ್ದಂತಾಗುವುದು, ನೀರು ಬರುವುದು, ಬೆಳಕು ಚುಚ್ಚುವುದು ಕೂಡ ಸಾಮಾನ್ಯ. ಕೊಯ್ತದ ಜಾಗದಲ್ಲಿ ಸೂಕ್ಷ್ಮ ನರಗಳು ತುಂಡಾಗಿರುತ್ತವೆ, ಕಣ್ಣು ಒಣಗುತ್ತದೆ. ಕೆಲವರಿಗೆ ಕಿವಿಯ ಕಡೆಯ ಅಂಚಿನಲ್ಲಿ ಕಮಾನಿನಂಥ ನೆರಳು ಕಾಣಿಸುತ್ತದೆ. ಹೊಸ ಮಸೂರದ ಅಂಚಿನಲ್ಲಿ ಬೆಳಕು ವರ್ತಿಸುವ ರೀತಿಯಿಂದ ಬರುವ ನೆರಳು ಅದು. ಹೆಚ್ಚಿನವರಲ್ಲಿ ವಾರಗಳು, ತಿಂಗಳುಗಳು ಕಳೆದಂತೆ ಮಾಯವಾಗುತ್ತದೆ.

ಬಣ್ಣದ ದೂರು ಬೇರೆಯದೇ. ಬಿಳಿ ಪಂಚೆ ನೀಲಿ ಹಾಕಿ ಒಗೆದಂತೆ ಕಾಣುತ್ತದೆ ಎನ್ನುತ್ತಾರೆ. ವರ್ಷಗಟ್ಟಲೆ ಹಳದಿಗಟ್ಟಿದ ಮಸೂರದ ಮೂಲಕ ಲೋಕ ನೋಡಿದ ಮಿದುಳಿಗೆ, ಆ ಹಳದಿ ಒಮ್ಮೆಗೇ ಹೋದಾಗ ನೀಲಿ ಹೆಚ್ಚಾದಂತೆ ಅನಿಸುವುದು ಸಹಜ. ಫ್ರೆಂಚ್ ಚಿತ್ರಕಾರ ಕ್ಲೋದ್ ಮೋನೆಗೆ 1923ರಲ್ಲಿ, ತಮ್ಮ ಎಂಬತ್ತೆರಡನೇ ವಯಸ್ಸಿನಲ್ಲಿ ಈ ಆಪರೇಷನ್ ಆಯಿತು. ಬಣ್ಣಗಳೆಲ್ಲ ವಿಚಿತ್ರವಾಗಿವೆ ಎಂದು ಅವರು ವೈದ್ಯರ ಮೇಲೆ ರೇಗಿದ್ದರು. ಬಣ್ಣವನ್ನೇ ನಂಬಿ ಬದುಕಿದ ಕಣ್ಣು ಅದು, ರೇಗದೆ ಇನ್ನೇನು? ಉಳಿದ ನಮಗೆ ಕೆಲವು ವಾರದಲ್ಲಿ ಅಭ್ಯಾಸವಾಗಿಬಿಡುತ್ತದೆ. ಆಪರೇಷನ್ ಆಗದ ಇನ್ನೊಂದು ಕಣ್ಣಿನಿಂದ ಅದೇ ಪಂಚೆ ನೋಡಿದರೆ ಇಷ್ಟು ದಿನ ಎಂಥ ಹಳದಿ ಕಾಣುತ್ತಿತ್ತೆಂದು ತಿಳಿಯುತ್ತದೆ.

ದಿನದಿಂದ ದಿನಕ್ಕೆ ಸುಧಾರಿಸುತ್ತಿದ್ದರೆ, ನಿಧಾನವಾದರೂ ಸರಿ, ಚಿಂತೆಯಿಲ್ಲ. ಸುಧಾರಿಸಿದ ದೃಷ್ಟಿ ಹಿಂದಕ್ಕೆ ಹೋಗತೊಡಗಿದರೆ ಕಾಯಬೇಡಿ. ಆಪರೇಷನ್ ಆದ ಮೊದಲ ವಾರದಲ್ಲಿ ನೋವು ಹೆಚ್ಚುತ್ತಾ, ಕಣ್ಣು ಕೆಂಪಾಗುತ್ತಾ, ದೃಷ್ಟಿ ಮಂಜಾಗುತ್ತಾ ಹೋದರೆ ಅದು ಒಳಗಿನ ಸೋಂಕಿರಬಹುದು. ಸಾವಿರದಲ್ಲಿ ಒಬ್ಬರಿಗೋ ಅದಕ್ಕಿಂತ ಕಡಿಮೆ ಜನರಿಗೋ ಬರುವಂಥದ್ದು, ಆದರೆ ಬಂದರೆ ಗಂಟೆಗಳ ಲೆಕ್ಕದಲ್ಲಿ ಕಣ್ಣು ಕಳೆಯುತ್ತದೆ. ಸೋಮವಾರದ ಓಪಿಡಿಗೆಂದು ಭಾನುವಾರ ಕಳೆಯಬಾರದು. ಮಿಂಚು ಹೊಡೆದಂತಾಗುವುದು, ಕಪ್ಪು ಚುಕ್ಕೆಗಳು ಒಮ್ಮೆಗೇ ಸುರಿದಂತಾಗುವುದು, ಒಂದು ಕಡೆಯಿಂದ ಪರದೆ ಇಳಿದಂತಾಗುವುದು ಕಣ್ಣಿನ ಹಿಂಬದಿಯ ಅಕ್ಷಿಪಟಲ ಕಳಚುವ ಸೂಚನೆ. ಅದೂ ಅಂದೇ ತೋರಿಸಬೇಕಾದದ್ದು. ಸಕ್ಕರೆ ಕಾಯಿಲೆ ಇರುವವರಿಗೆ ತಿಂಗಳು, ಒಂದೂವರೆ ತಿಂಗಳ ಹೊತ್ತಿಗೆ ಅಕ್ಷಿಪಟಲದ ನಡುಭಾಗ ಊದಿಕೊಂಡು ಅಕ್ಷರಗಳು ಮಸುಕಾಗಬಹುದು. ಇದಕ್ಕೆ ಔಷಧಿಯಿದೆ.

ಆಪರೇಷನ್ ಸರಿಯಾಗಿಯೇ ಆಗಿ, ಗಾಯ ಮಾದು, ಆದರೂ ಕಾಣದ ಕಣ್ಣುಗಳೂ ಇವೆ. ಗ್ಲಾಕೋಮಾದಿಂದ ಕಣ್ಣಿನ ನರ ಸೊರಗಿದ್ದರೆ, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಹಾಳಾಗಿದ್ದರೆ, ಮಸೂರ ಬದಲಿಸಿ ಆಗುವ ಲಾಭಕ್ಕೆ ಮಿತಿಯಿದೆ. ಪೊರೆ ತುಂಬ ದಟ್ಟವಾಗಿದ್ದರೆ ವೈದ್ಯರಿಗೂ ಹಿಂದಿನದು ಮೊದಲೇ ಕಾಣಿಸುವುದಿಲ್ಲ. “ಆಪರೇಷನ್ ಫೇಲಾಯಿತು” ಎಂದು ಊರೆಲ್ಲ ಹೇಳಿಕೊಂಡು ಬರುವುದಕ್ಕೆ ಮುಂಚೆ ಇದೊಂದನ್ನು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

“ಬೇಳೆ, ಬದನೆ, ಮೊಟ್ಟೆ, ಮೀನು ಬಂದ್”

ಯಾವುದೂ ಬಂದ್ ಆಗಬೇಕಿಲ್ಲ. ಬೇಳೆಯಿಂದ ಕೀವಾಗುವುದಿಲ್ಲ, ಕೀವಾಗುವುದು ರೋಗಾಣುಗಳಿಂದ. ಎಪ್ಪತ್ತು ದಾಟಿದವರಿಗೆ ತಿಂಗಳಿಡೀ ಗಂಜಿ, ಸಪ್ಪೆ ಅನ್ನ ಹಾಕಿದರೆ ಗಾಯ ಮಾಯಲು ಬೇಕಾದ ಪ್ರೋಟೀನನ್ನೇ ತಪ್ಪಿಸಿದಂತೆ. ಸಕ್ಕರೆ ಕಾಯಿಲೆಯವರು ಸಕ್ಕರೆಯ ಲೆಕ್ಕ ಇಡಬೇಕು, ಅಷ್ಟೇ ಪಥ್ಯ. ಟಿವಿ, ಮೊಬೈಲು, ಪೇಪರ್ ಕಣ್ಣಿಗೆ ದಣಿವು ತಂದಾವೇ ಹೊರತು ಗಾಯಕ್ಕೆ ಏನೂ ಮಾಡವು.

ನೀರಿನ ಎಚ್ಚರಿಕೆ ಮಾತ್ರ ನಿಜವಾದದ್ದು, ನಲವತ್ತು ದಿನ ಎಂಬುದಷ್ಟೇ ಉತ್ಪ್ರೇಕ್ಷೆ. ಮರುದಿನದಿಂದ ಕತ್ತಿನ ಕೆಳಗೆ ಸ್ನಾನ ಮಾಡಬಹುದು. ತಲೆಸ್ನಾನಕ್ಕೆ ಒಂದೆರಡು ವಾರ ಕಾಯಬೇಕು, ತೀರಾ ತಡೆಯದಿದ್ದರೆ ತಲೆ ಹಿಂದಕ್ಕೆ ಬಾಗಿಸಿ ಬೇರೆಯವರು ತೊಳೆಯಬೇಕು. ಕೆರೆ, ಹೊಳೆ, ಈಜುಕೊಳ ಇನ್ನೂ ಹೆಚ್ಚು ದಿನ ಬೇಡ. ಸೌದೆ ಒಲೆಯ ಹೊಗೆ, ಕಣದ ಧೂಳು, ಕೊಟ್ಟಿಗೆ ಕೆಲಸ, ಕಾಡಿಗೆ ದೂರವಿರಲಿ. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರೆ ಕಣ್ಣು ಕಳಚಿ ಬೀಳುವುದಿಲ್ಲ. ಭಾರದ ಕೊಡ, ಅಕ್ಕಿ ಮೂಟೆ ಎತ್ತುವುದನ್ನು ಮಾತ್ರ ಕೆಲವು ವಾರ ಬಿಡಿ. ಸಾಷ್ಟಾಂಗ ನಮಸ್ಕಾರ, ನಮಾಜು ಯಾವಾಗಿನಿಂದ ಎಂಬುದನ್ನು ವೈದ್ಯರೇ ಹೇಳಬೇಕು, ಅದು ಕೊಯ್ತದ ಅಳತೆಯ ಮೇಲೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಕಣ್ಣು ಉಜ್ಜಬಾರದು. ರಾತ್ರಿ ಪ್ಲಾಸ್ಟಿಕ್ ಕವಚ ಕಟ್ಟಿ ಮಲಗಿಸುವುದು ನಿದ್ದೆಗಣ್ಣಿನಲ್ಲಿ ಕೈ ಹೋಗದಿರಲೆಂದೇ.

ತಂಪಾಗಲಿ ಎಂದು ನಂದಿಬಟ್ಟಲು ಹೂವಿನ ರಸ, ಎದೆಹಾಲು, ಜೇನು, ಹರಳೆಣ್ಣೆ ಬಿಡುವ ಅಭ್ಯಾಸ ಎಂದಿಗೂ ಒಳ್ಳೆಯದಲ್ಲ. ಹಸಿಗಾಯದ ಕಣ್ಣಿಗೆ ಅದು ನೇರವಾಗಿ ಸೋಂಕಿಗೆ ಬಾಗಿಲು ತೆರೆದಂತೆ.

ಡ್ರಾಪ್ಸ್ ವಿಷಯದಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಚೆನ್ನಾಗಿ ಕಾಣುತ್ತಿದೆಯೆಂದು ವಾರಕ್ಕೇ ನಿಲ್ಲಿಸುವವರು ಒಂದು ಬಗೆ. ಸ್ಟೆರಾಯ್ಡ್ ಡ್ರಾಪ್ಸನ್ನು ವಾರ ವಾರಕ್ಕೆ ಕಡಿಮೆ ಮಾಡುತ್ತಾ ಬರಬೇಕು, ಇಲ್ಲದಿದ್ದರೆ ಊತ ಮರಳುತ್ತದೆ. ಹೆಚ್ಚು ಅಪಾಯದವರು ಇನ್ನೊಂದು ಬಗೆಯವರು. ಕಣ್ಣು ತುಸು ಕೆಂಪಾದಾಗಲೆಲ್ಲ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಅದೇ ಬಾಟಲಿ ತಂದು ತಿಂಗಳುಗಟ್ಟಲೆ ಬಿಟ್ಟುಕೊಳ್ಳುತ್ತಾರೆ. ಸ್ಟೆರಾಯ್ಡ್ ಕೆಲವರಲ್ಲಿ ಕಣ್ಣಿನ ಒತ್ತಡ ಏರಿಸಿ, ನೋವಿಲ್ಲದೆ ಸದ್ದಿಲ್ಲದೆ ನರವನ್ನು ತಿಂದುಹಾಕುತ್ತದೆ. ಪೊರೆಯಿಂದ ಹೋದ ದೃಷ್ಟಿ ಮರಳಿ ಬರುತ್ತದೆ. ಹೀಗೆ ಹೋದದ್ದು ಬರುವುದಿಲ್ಲ.

“ದುಬಾರಿ ಲೆನ್ಸ್ ಹಾಕಿಸಿದರೆ ಜಾಸ್ತಿ ಕಾಣುತ್ತದೆ”

ದೂರದ ದೃಷ್ಟಿಗೆ ಸಾದಾ ಲೆನ್ಸ್ ಯಾವ ದುಬಾರಿ ಲೆನ್ಸಿಗೂ ಕಡಿಮೆಯಿಲ್ಲ. ಓದಲು ಕನ್ನಡಕ ಬೇಕಾಗುತ್ತದೆ, ಅಷ್ಟೇ. ಅದು ಆಪರೇಷನ್ನಿನ ಸೋಲಲ್ಲ, ಆ ಲೆನ್ಸ್ ಮಾಡುವ ಕೆಲಸವೇ ಅಷ್ಟು. ಕನ್ನಡಕದ ಹಂಗು ಕಡಿಮೆ ಮಾಡುವ ಮಲ್ಟಿಫೋಕಲ್ ಲೆನ್ಸ್ ಬೆಳಕನ್ನು ದೂರಕ್ಕೂ ಹತ್ತಿರಕ್ಕೂ ಹಂಚುತ್ತದೆ. ಅದರ ಫಲವಾಗಿ ರಾತ್ರಿ ಎದುರಿನ ಗಾಡಿಯ ಹೆಡ್‌ಲೈಟಿನ ಸುತ್ತ ಪ್ರಭಾವಳಿ ಕಾಣಬಹುದು. ರಾತ್ರಿ ಬಸ್ಸು ಲಾರಿ ಓಡಿಸುವವರು, ಅಕ್ಷಿಪಟಲದ ತೊಂದರೆ ಇರುವವರು ಹತ್ತು ಸಲ ಯೋಚಿಸಿ ಹಾಕಿಸಬೇಕು. 1992ರಲ್ಲಿ ಮಧುರೆಯ ಅರೋಲ್ಯಾಬ್ ದೇಶದಲ್ಲೇ ಲೆನ್ಸ್ ತಯಾರಿಸತೊಡಗಿದ ಮೇಲೆ ಬಡವರ ಕಣ್ಣಿಗೂ ಲೆನ್ಸ್ ಸಿಗುವಂತಾಯಿತು. ಕಡಿಮೆ ಬೆಲೆ ಎಂದರೆ ಕಳಪೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಲೆನ್ಸಿಗೆ ಇಪ್ಪತ್ತು ವರ್ಷವೇ ಆಯುಷ್ಯ ಎಂಬ ಮಾತೂ ಇದೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಗಾಜಿನ ಚೂರುಗಳು ಪೈಲಟ್‌ಗಳ ಕಣ್ಣೊಳಗೆ ಹೊಕ್ಕರೂ ಕಣ್ಣು ಸಹಿಸಿಕೊಂಡದ್ದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ, 1949ರಲ್ಲಿ ಲಂಡನ್ನಿನಲ್ಲಿ ಅದೇ ಬಗೆಯ ವಸ್ತುವಿನಿಂದ ಮೊದಲ ಕೃತಕ ಮಸೂರ ಹಾಕಿದರು. ಇವತ್ತಿನ ಅಕ್ರಿಲಿಕ್ ಲೆನ್ಸ್‌ಗಳು ಅದರದೇ ಸಂತತಿ. ಕೊಳೆಯುವುದಿಲ್ಲ, ಸವೆಯುವುದಿಲ್ಲ, ಎಂಆರ್‌ಐ ಯಂತ್ರಕ್ಕೂ ಅಡ್ಡಿಯಿಲ್ಲ.

ಹಾಗಾದರೆ ವರ್ಷ ಎರಡು ವರ್ಷ ಚೆನ್ನಾಗಿ ಕಂಡು ಮತ್ತೆ ಮಂಜಾಗುವುದೇಕೆ? ಪೊರೆ ಮತ್ತೆ ಬರುವುದಿಲ್ಲ, ಬರಲು ಅಲ್ಲಿ ಹಳೆಯ ಮಸೂರವೇ ಇಲ್ಲ. ಹೊಸ ಲೆನ್ಸ್ ಕೂರಿಸಲೆಂದು ಉಳಿಸಿಕೊಂಡ ಚೀಲದ ಹಿಂಬದಿ ಕೆಲವರಲ್ಲಿ ಮಸುಕಾಗುತ್ತದೆ. ಲೇಸರ್‌ಗೆ ನಿಜವಾದ ಕೆಲಸ ಇಲ್ಲಿದೆ: ಯಾಗ್ ಲೇಸರ್‌ನಿಂದ ಚೀಲದ ನಡುವೆ ಒಂದು ಕಿಂಡಿ ಮಾಡುತ್ತಾರೆ. ಕೊಯ್ಯುವುದಿಲ್ಲ, ಮಲಗಿಸುವುದಿಲ್ಲ, ಕೆಲವೇ ನಿಮಿಷ. ಎರಡನೇ ಆಪರೇಷನ್ ಎಂದು ಹೆದರಿ ವರ್ಷಗಟ್ಟಲೆ ಮಂಜಿನಲ್ಲೇ ಕೂತವರಿದ್ದಾರೆ.

ಕೆಲವು ಹಿರಿಯರಿಗೆ ಇನ್ನೊಂದು ಅನುಮಾನವಿರುತ್ತದೆ: ಪ್ಲಾಸ್ಟಿಕ್ ಲೆನ್ಸ್ ಹಾಕಿದ ಈ ಕಣ್ಣನ್ನು ನಾಳೆ ದಾನ ಮಾಡಬಹುದೇ? ಮಾಡಬಹುದು. ದಾನದಲ್ಲಿ ಬಳಕೆಯಾಗುವುದು ಮುಂದಿನ ಪಾರದರ್ಶಕ ಪಟಲ, ಲೆನ್ಸ್ ಇರುವುದು ಅದರ ಹಿಂದೆ. 2006ರಲ್ಲಿ ನಟ ಡಾ. ರಾಜ್‌ಕುಮಾರ್, 2021ರಲ್ಲಿ ಅವರ ಮಗ ಪುನೀತ್ ಅವರ ಕಣ್ಣು ದಾನವಾದಾಗ ನಾಡಿನಲ್ಲಿ ಹೆಸರು ಬರೆಸಲು ಮುಂದೆ ಬಂದವರು ಬಹಳ. ಪೊರೆಯ ಆಪರೇಷನ್ ಆದವರು, ಕನ್ನಡಕ ಹಾಕುವವರು, ಸಕ್ಕರೆ ಕಾಯಿಲೆಯವರು ಎಲ್ಲರೂ ಆ ಪಟ್ಟಿಗೆ ಸೇರಬಹುದು. ಪಟಲ ಬಳಕೆಗೆ ಯೋಗ್ಯವೇ ಎಂಬುದನ್ನು ನೇತ್ರ ಬ್ಯಾಂಕಿನವರು ಪರೀಕ್ಷಿಸಿ ತೀರ್ಮಾನಿಸುತ್ತಾರೆ. ಮನೆಯವರಿಗೆ ವಿಷಯ ಮೊದಲೇ ತಿಳಿದಿರಬೇಕು, ಏಕೆಂದರೆ ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಅದಕ್ಕಾಗಿ ಕೂಡಲೇ ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕಾದವರು ಅವರೇ.