ಆ ಶೇಕಡಾ 97ರ ಅರ್ಥವೇನು?

ಇವತ್ತು ಡಿಸೆಂಬರ್ 1, ವಿಶ್ವ ಏಡ್ಸ್ ದಿನ. ದಿನಾ ಈ ಹೊತ್ತಿಗೆ ಯಾರನ್ನಾದರೂ ಪ್ರಶ್ನೆ ಮಾಡ್ತೀನಿ. ಇವತ್ತು ನನ್ನ ಸರದಿ.

2021ರ ಫೆಬ್ರವರಿ ನೆನಪಿದೆಯಾ? ಕೋವಿಡ್ ಲಸಿಕೆ ಬಿಟ್ಟರೆ ಬೇರೆ ಸುದ್ದಿಯೇ ಇರಲಿಲ್ಲ. ಅದರ ನಡುವೆ ನನ್ನ ಮುಂದೆ ಒಂದು ಸಾಲು ಬಂತು: ‘ಎಚ್‌ಐವಿ ಲಸಿಕೆ ಶೇ. 97 ಯಶಸ್ವಿ’. ನಾನು ಓದಿದೆ. ಹತ್ತು ಸೆಕೆಂಡ್ ಕೂಡ ಹಿಡಿಯಲಿಲ್ಲ. ಮುಂದಿನ ಸುದ್ದಿಗೆ ಹೋದೆ.

ಮರುದಿನ ಆಫೀಸಿಗೆ ಒಂದು ಫೋನ್. ಹೆಣ್ಣುಮಗಳ ದನಿ. ‘ಮೇಡಂ, ನೀವು ಹೇಳಿದ್ರಲ್ಲ ಆ ಇಂಜೆಕ್ಷನ್, ಅದು ಎಲ್ಲಿ ಸಿಗುತ್ತೆ? ಎಷ್ಟಾಗುತ್ತೆ?’ ಗಂಡನಿಗೆ ಎಚ್‌ಐವಿ ಇದೆ, ಆಕೆಗಿಲ್ಲ. ದುಡ್ಡು ಹೊಂದಿಸ್ತೀನಿ, ಅಡ್ರೆಸ್ ಕೊಡಿ ಅಂದರು. ನನ್ನ ಹತ್ತಿರ ಅಡ್ರೆಸ್ ಇರಲಿಲ್ಲ. ಯಾಕಂದ್ರೆ ಅಂಥ ಲಸಿಕೆಯೇ ಇರಲಿಲ್ಲ. ಇವತ್ತಿಗೂ ಇಲ್ಲ.

ಹಾಗಾದ್ರೆ ಆ 97 ಏನು? ಸುಳ್ಳಾ? ಅಲ್ಲ. ಸಂಖ್ಯೆ ನಿಜ. ಅದನ್ನು ನಾನು ಓದಿದ ರೀತಿ ತಪ್ಪು.

ಅದು ಅಮೆರಿಕದಲ್ಲಿ ನಡೆದ ಪರೀಕ್ಷೆ. ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ವಿಲಿಯಂ ಶೀಫ್ ಅವರ ತಂಡ ರೂಪಿಸಿದ ಲಸಿಕೆ. ಐಎವಿಐ, ಅಂದರೆ ಅಂತಾರಾಷ್ಟ್ರೀಯ ಏಡ್ಸ್ ಲಸಿಕೆ ಸಂಸ್ಥೆ, ಅದನ್ನು ಪರೀಕ್ಷೆಗೆ ತಂದಿತು. ವಾಷಿಂಗ್ಟನ್‌ನಲ್ಲಿ ಒಂದು ಕೇಂದ್ರ, ಸಿಯಾಟಲ್‌ನಲ್ಲಿ ಇನ್ನೊಂದು. ಭಾಗವಹಿಸಿದವರು 48 ಜನ. ಎಲ್ಲರೂ ಆರೋಗ್ಯವಂತರು, ಯಾರಿಗೂ ಎಚ್‌ಐವಿ ಇರಲಿಲ್ಲ. 36 ಜನಕ್ಕೆ ಲಸಿಕೆ, 12 ಜನಕ್ಕೆ ಲಸಿಕೆ ಇಲ್ಲದ ಬರೀ ದ್ರಾವಣ. ಎಂಟು ವಾರದ ಅಂತರದಲ್ಲಿ ಎರಡು ಚುಚ್ಚುಮದ್ದು.

ಇಲ್ಲಿ ಎಲ್ಲರಿಗೂ ಒಂದು ಅನುಮಾನ ಬರುತ್ತೆ. ಚೆನ್ನಾಗಿರೋರಿಗೆ ಎಚ್‌ಐವಿ ಚುಚ್ಚಿ ನೋಡ್ತಾರಾ? ಇಲ್ಲ. ಈ ಲಸಿಕೆಯಲ್ಲಿ ವೈರಸ್ಸೇ ಇಲ್ಲ, ಜೀವಂತವಾದದ್ದೂ ಇಲ್ಲ, ಸತ್ತದ್ದೂ ಇಲ್ಲ. ವೈರಸ್ಸಿನ ಹೊರಕವಚದ ಒಂದು ತುಣುಕನ್ನು ಹೋಲುವ ಪ್ರೋಟೀನ್ ಮಾತ್ರ ಇರುತ್ತೆ. ಅದರಿಂದ ಸೋಂಕು ಬರೋಕೆ ಸಾಧ್ಯವೇ ಇಲ್ಲ. ಲಸಿಕೆ ಕೊಟ್ಟ ಮೇಲೆ ಯಾರನ್ನೂ ಬೇಕಂತಲೇ ವೈರಸ್ಸಿಗೆ ಒಡ್ಡೋದೂ ಇಲ್ಲ. ಬದಲಿಗೆ, ಸೋಂಕಿನಿಂದ ದೂರ ಇರೋದು ಹೇಗೆ ಅಂತ ಪ್ರತಿ ಭೇಟಿಯಲ್ಲೂ ತಿಳಿ ಹೇಳ್ತಾರೆ.

ಮತ್ತೆ ಪರೀಕ್ಷೆ ಮಾಡೋದು ಏನನ್ನ?

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್. ಲ್ಯಾಬ್‌ನಲ್ಲಿ ಸರ್ಕ್ಯೂಟ್ ಬೋರ್ಡ್ ಕಟ್ಟಿ ಮೊದಲ ಸಲ ಕರೆಂಟ್ ಕೊಡುವಾಗ ನಮ್ಮ ಮೇಷ್ಟ್ರು ಕೈಯನ್ನು ಸ್ವಿಚ್ ಮೇಲೆಯೇ ಇಟ್ಟುಕೊಂಡಿರೋರು. ಮೊದಲು ನೋಡೋದು ಹೊಗೆ ಬರುತ್ತಾ ಅಂತ. ಬರಲಿಲ್ಲವಾ, ಸರಿ. ಆಮೇಲೆ ಮೊದಲನೇ ಟೆಸ್ಟ್ ಪಾಯಿಂಟ್‌ನಲ್ಲಿ ಸಿಗ್ನಲ್ ಇದೆಯಾ ಅಂತ ನೋಡೋದು. ರೇಡಿಯೋ ಹಾಡುತ್ತಾ ಇಲ್ವಾ ಅನ್ನೋ ಪ್ರಶ್ನೆ ಆ ದಿನದ್ದಲ್ಲ.

ಲಸಿಕೆಯ ಮೊದಲ ಹಂತದ ಪರೀಕ್ಷೆಯೂ ಅಷ್ಟೇ. ಹೊಗೆ ಅಂದರೆ ಅಡ್ಡಪರಿಣಾಮ. ಸಿಗ್ನಲ್ ಅಂದರೆ ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತಿತಾ ಅನ್ನೋದು. ಲಸಿಕೆ ನಿಜಕ್ಕೂ ಸೋಂಕು ತಡೆಯುತ್ತಾ ಅನ್ನೋದು ತಿಳಿಯೋದು ಮೂರನೇ ಹಂತದಲ್ಲಿ, ಸಾವಿರಾರು ಜನರ ಮೇಲೆ, ವರ್ಷಗಟ್ಟಲೆ ಎಣಿಸಿದ ಮೇಲೆ.

ಎಚ್‌ಐವಿ ತನ್ನ ಹೊರಕವಚವನ್ನು ಬದಲಾಯಿಸ್ತಾನೇ ಇರುತ್ತೆ. ಇವತ್ತು ಗುರುತು ಹಿಡಿದ ಪೊಲೀಸಿಗೆ ನಾಳೆ ಕಳ್ಳನ ಮುಖವೇ ಬೇರೆ. ಆದರೆ ಕವಚದ ಕೆಲವು ಜಾಗಗಳು ಬದಲಾಗೋದು ಕಷ್ಟ. ಅಲ್ಲಿಗೇ ಗುರಿಯಿಡುವ ಪ್ರತಿಕಾಯಗಳು ಕೆಲವೇ ಕೆಲವು ಸೋಂಕಿತರಲ್ಲಿ, ಅದೂ ಕೆಲವು ವರ್ಷಗಳ ನಂತರ ಹುಟ್ಟುತ್ತವೆ. ಅವನ್ನು ತಯಾರಿಸಬಲ್ಲ ಮೂಲ ಬಿ ಜೀವಕೋಶಗಳು ನಮ್ಮ ರಕ್ತದಲ್ಲಿ ಲಕ್ಷಾಂತರಕ್ಕೊಂದು. ಆ ಅಪರೂಪದ ಕೋಶಗಳನ್ನು ಹುಡುಕಿ ಎಬ್ಬಿಸೋದು, ಇಷ್ಟೇ ಈ ಲಸಿಕೆಯ ಕೆಲಸ. ಲಸಿಕೆ ಪಡೆದ 36 ಜನರಲ್ಲಿ 35 ಜನರಲ್ಲಿ ಅವು ಎದ್ದವು. 36ಕ್ಕೆ 35. ಅದೇ ಶೇಕಡಾ 97!

ಎದ್ದ ಕೋಶಗಳಿಗೆ ಮುಂದೆ ಬೇರೆ ಬೇರೆ ಲಸಿಕೆ ಕೊಟ್ಟು ಹಂತಹಂತವಾಗಿ ತರಬೇತಿ ಕೊಡಬೇಕು. ಅಂದರೆ ಮೊದಲನೇ ಟೆಸ್ಟ್ ಪಾಯಿಂಟ್‌ನಲ್ಲಿ ಸಿಗ್ನಲ್ ಬಂತು. ರೇಡಿಯೋ ಹಾಡಿತು ಅಂತ ನಾನು ಹೇಳಿಬಿಟ್ಟೆ.

ಮೊದಲ ಮೆಟ್ಟಿಲು ದಾಟಿದ್ದೆಲ್ಲ ಕೊನೆ ಮುಟ್ಟೋದಿಲ್ಲ. ದಕ್ಷಿಣ ಆಫ್ರಿಕಾದ ಒಂದು ಲಸಿಕೆ ಸಣ್ಣ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾಗಿತ್ತು. ಆಮೇಲೆ 5,407 ಜನರ ಮೇಲೆ ದೊಡ್ಡ ಪರೀಕ್ಷೆ ನಡೀತು. 2020ರಲ್ಲಿ ಲೆಕ್ಕ ತೆಗೆದಾಗ ಲಸಿಕೆ ಪಡೆದವರಲ್ಲಿ 129 ಸೋಂಕು, ಪಡೆಯದವರಲ್ಲಿ 123. ಪರೀಕ್ಷೆ ಅಲ್ಲಿಗೇ ನಿಂತಿತು. 1984ರಲ್ಲಿ ಅಮೆರಿಕದ ಆರೋಗ್ಯ ಕಾರ್ಯದರ್ಶಿ ಮಾರ್ಗರೆಟ್ ಹೆಕ್ಲರ್, ಸುಮಾರು ಎರಡು ವರ್ಷದಲ್ಲಿ ಲಸಿಕೆ ಪರೀಕ್ಷೆಗೆ ಸಿದ್ಧವಾಗಬಹುದು ಅಂದಿದ್ದರು. ನಾನಿನ್ನೂ ಹುಟ್ಟಿರಲಿಲ್ಲ.

ಈಗ ಆ 48 ಜನರ ವಿಷಯಕ್ಕೆ ಬರೋಣ. ಅವರಿಗೇನು ಸಿಕ್ತು? ರಕ್ಷಣೆ ಅಂತೂ ಇಲ್ಲ. ಲಸಿಕೆ ನಮ್ಮನ್ನು ಕಾಪಾಡುತ್ತೆ ಅಂದುಕೊಳ್ಳಬೇಡಿ ಅಂತ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗಲೇ ಹೇಳಿರ್ತಾರೆ. ಮತ್ತೆ ಮತ್ತೆ ರಕ್ತ ಕೊಡಬೇಕು. ಈ ಪರೀಕ್ಷೆಯಲ್ಲಿ ದುಗ್ಧಗ್ರಂಥಿಗೂ ಸೂಜಿ ಹಾಕಿ ಮಾದರಿ ತೆಗೆದಿದ್ದಾರೆ. ಯಾವಾಗ ಬೇಕಾದರೂ ಬಿಟ್ಟು ಹೋಗುವ ಹಕ್ಕಿದೆ, ಅದು ಬೇರೆ ಮಾತು.

ಹೊಗೆ ಬಂದದ್ದೂ ಇದೆ. ಡ್ಯೂಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೂಪಿಸಿದ ಇನ್ನೊಂದು ಲಸಿಕೆಯ ಪರೀಕ್ಷೆಯಲ್ಲಿ 20 ಜನ ಇದ್ದರು. ಒಬ್ಬರಿಗೆ ಅಲರ್ಜಿಯಾಯ್ತು. ಜೀವಕ್ಕೆ ಅಪಾಯ ಆಗಲಿಲ್ಲ. ಆದರೂ ತಕ್ಷಣ ಪರೀಕ್ಷೆ ನಿಲ್ಲಿಸಿದರು. ಲಸಿಕೆಯಲ್ಲಿ ಬೆರೆಸಿದ್ದ ಒಂದು ಪದಾರ್ಥದ ಮೇಲೆ ಅನುಮಾನ ಬಂತು. ಸಾವಿರ ಜನಕ್ಕೆ ಚುಚ್ಚುವ ಮೊದಲು ಇಪ್ಪತ್ತು ಜನರಲ್ಲೇ ತಿಳೀತಲ್ಲ, ಮೊದಲ ಹಂತ ಇರೋದೇ ಅದಕ್ಕೆ.

ಇನ್ನೊಂದು ತೊಂದರೆ ಇದೆ, ಅದು ಸೂಜಿಗಿಂತ ಚೂಪು. ನಮ್ಮ ಸಾಮಾನ್ಯ ಎಚ್‌ಐವಿ ಟೆಸ್ಟ್ ಹುಡುಕೋದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ಮಾಡಿದ ಪ್ರತಿಕಾಯವನ್ನ. ಕೆಲವು ಲಸಿಕೆಗಳು ಅಂಥದ್ದೇ ಪ್ರತಿಕಾಯ ಹುಟ್ಟಿಸುತ್ತವೆ. ಆಗ ಸೋಂಕೇ ಇಲ್ಲದ ಸ್ವಯಂಸೇವಕರ ಟೆಸ್ಟ್ ಪಾಸಿಟಿವ್ ಬರಬಹುದು. ಅದು ವರ್ಷಗಟ್ಟಲೆ ಹಾಗೇ ಉಳಿಯಲೂಬಹುದು. ವೈರಸ್ಸನ್ನೇ ನೇರವಾಗಿ ಹುಡುಕುವ ಬೇರೆ ಪರೀಕ್ಷೆ ಮಾಡಿದರೆ ಸತ್ಯ ಗೊತ್ತಾಗುತ್ತೆ. ಆದರೆ ರಕ್ತದಾನಕ್ಕೆ ಹೋದಾಗ, ವಿಮೆ ಮಾಡಿಸುವಾಗ, ಮದುವೆ ಮಾತುಕತೆಯಲ್ಲಿ, ಆ ‘ಪಾಸಿಟಿವ್’ ಅನ್ನೋ ಪದವನ್ನು ಎಷ್ಟು ಸಲ, ಎಷ್ಟು ಜನಕ್ಕೆ ಬಿಡಿಸಿ ಹೇಳಬೇಕು ಯೋಚನೆ ಮಾಡಿ.

ಇದೆಲ್ಲ ದೂರದ ಮಾತು ಅನ್ಕೋಬೇಡಿ. 2005ರಲ್ಲಿ ಪುಣೆಯ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯಲ್ಲಿ ಭಾರತದ ಮೊದಲ ಎಚ್‌ಐವಿ ಲಸಿಕೆ ಪರೀಕ್ಷೆ ಶುರುವಾಯ್ತು. ಮರುವರ್ಷ ಚೆನ್ನೈನ ಕ್ಷಯರೋಗ ಸಂಶೋಧನಾ ಕೇಂದ್ರದಲ್ಲಿ ಇನ್ನೊಂದು. ಆರೋಗ್ಯವಾಗಿದ್ದ ಗಂಡಸರು, ಹೆಂಗಸರು ಹೋಗಿ ತೋಳು ಕೊಟ್ಟರು. ಏಡ್ಸ್ ಅಂದರೆ ಪಕ್ಕದ ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ ಅದು! ಪುಣೆಯ ಲಸಿಕೆಯಿಂದ ಅಪಾಯ ಆಗಲಿಲ್ಲ, ಆದರೆ ದೇಹದ ಪ್ರತಿಕ್ರಿಯೆ ಸಾಲಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟರು. ಅವರ ಹೆಸರು ನಮಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಆದರೆ ಈ ದಾರಿಯಲ್ಲಿ ಹೋಗಬೇಡಿ ಅಂತ ವಿಜ್ಞಾನಿಗಳಿಗೆ ತೋರಿಸಿಕೊಟ್ಟವರು ಅವರು.

ಆ ಹೆಣ್ಣುಮಗಳಿಗೆ ಆವತ್ತು ನಾನು ‘ಇಲ್ಲಮ್ಮ, ಅದಿನ್ನೂ ಬಂದಿಲ್ಲ’ ಅಂತಷ್ಟೇ ಹೇಳಿ ಫೋನ್ ಇಟ್ಟೆ. ಹೇಳಬೇಕಾಗಿದ್ದ ಮಾತು ಇನ್ನೂ ಇತ್ತು. ಅಮ್ಮಾ, ಲಸಿಕೆ ಇಲ್ಲ, ಆದರೆ ಔಷಧಿ ಇದೆ. ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಪುಕ್ಕಟೆ ಕೊಡ್ತಾರೆ. ನಿಮ್ಮ ಯಜಮಾನರು ಅದನ್ನು ದಿನವೂ ತಪ್ಪಿಸದೆ ತಗೊಂಡು, ರಕ್ತದಲ್ಲಿ ವೈರಸ್ ಪತ್ತೆಯೇ ಆಗದಷ್ಟು ಇಳಿದು, ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಅದು ನಿಮಗೆ ದಾಟೋದಿಲ್ಲ. ಆ ಮಟ್ಟಕ್ಕೆ ಇಳಿದಿದೆ ಅಂತ ಡಾಕ್ಟರ್ ಟೆಸ್ಟ್ ಮಾಡಿ ಹೇಳುವವರೆಗೆ ಕಾಂಡೋಮ್ ಬಿಡಬೇಡಿ. ನೀವೂ ಆಗಾಗ ಟೆಸ್ಟ್ ಮಾಡಿಸಿಕೊಳ್ಳಿ.

ಆಕೆಯ ನಂಬರ್ ನನ್ನ ಹತ್ತಿರ ಇಲ್ಲ. ಈ ಕಾರ್ಯಕ್ರಮ ನೋಡ್ತಿದ್ದಾರೋ ಇಲ್ವೋ ಗೊತ್ತಿಲ್ಲ. ಹಾಗಾಗಿ ಎಲ್ಲರಿಗೂ ಹೇಳ್ತಿದ್ದೀನಿ, ಬರೆದಿಟ್ಟುಕೊಳ್ಳಿ: ಸಹಾಯವಾಣಿ 1097. ಪುಕ್ಕಟೆ ಕರೆ, ನಿಮ್ಮ ಹೆಸರು ಹೇಳಬೇಕಾಗಿಲ್ಲ. ಮುಂದಿನ ಸಲ ಟಿವಿಯಲ್ಲಿ ‘ಲಸಿಕೆ ಯಶಸ್ವಿ’ ಅಂತ ಕಂಡರೆ, ಅದನ್ನು ನಾನೇ ಓದ್ತಿದ್ದರೂ ಸರಿ, ಎರಡು ಪ್ರಶ್ನೆ ಕೇಳಿ. ಎಷ್ಟು ಜನರ ಮೇಲೆ? ಯಾವ ಹಂತದಲ್ಲಿ?