ಗುಳಿಗೆಯೂ ಮನೆಯವರ ಆಸರೆಯೂ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು 1957ರಲ್ಲಿ ಒಂದು ವೈರಸ್ಸಿನಿಂದಾಗಿ ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ಮಂಗನ ಕಾಯಿಲೆಯ ಆ ವೈರಸ್ಸನ್ನು ಉಣ್ಣಿಗಳು ಹರಡುತ್ತವೆ. ಎಚ್.ಐ.ವಿ.ಯಾದರೋ ಉಣ್ಣಿಯಿಂದಾಗಲಿ, ಸೊಳ್ಳೆಯಿಂದಾಗಲಿ, ಸಹಪಂಕ್ತಿಯ ಊಟದಿಂದಾಗಲಿ, ಸ್ಪರ್ಶದಿಂದಾಗಲಿ ಹರಡತಕ್ಕದ್ದಲ್ಲ. ಹಾಗಿದ್ದರೂ ಸೋಂಕು ತಗಲಿದ ಹೆಣ್ಣುಮಗಳ ತಟ್ಟೆ ಲೋಟಗಳನ್ನು ಬೇರೆಯಿಡುವ ಮನೆಗಳುಂಟು. ಈ ನಡೆವಳಿಕೆಗೂ ಅವಳ ರಕ್ತದಲ್ಲಿರುವ ವೈರಸ್ಸಿಗೂ ಸಂಬಂಧವೇನು? ವಿಚಾರಿಸೋಣ.

ಚಿಕಿತ್ಸೆಯಿಲ್ಲದ ದೇಹದಲ್ಲಿ ಎಚ್.ಐ.ವಿ.ಯ ಹೊಸ ಕಣಗಳು ದಿನವೊಂದಕ್ಕೆ ಸುಮಾರು 1,000 ಕೋಟಿಯಷ್ಟು ಹುಟ್ಟಬಲ್ಲವು. ತನ್ನ ಪ್ರತಿಯನ್ನು ತಾನೇ ಮಾಡಿಕೊಳ್ಳುವಾಗ ಈ ವೈರಸ್ಸು ಮೇಲಿಂದ ಮೇಲೆ ತಪ್ಪುತ್ತದೆ. ಅಂಥ ತಪ್ಪುಗಳಲ್ಲಿ ಕೆಲವು ಔಷಧಕ್ಕೆ ಬಗ್ಗದ ತಳಿಗಳಿಗೆ ಜನ್ಮ ಕೊಡುತ್ತವೆ. ಔಷಧವು ರಕ್ತದಲ್ಲಿ ತಕ್ಕ ಮಟ್ಟದಲ್ಲಿ ಸದಾ ಇದ್ದರೆ ವೈರಸ್ಸಿನ ವೃದ್ಧಿ ನಿಲ್ಲುತ್ತದೆ. ಗುಳಿಗೆ ಪದೇ ಪದೇ ತಪ್ಪಿದರೆ ಮಟ್ಟ ಇಳಿದು, ಬಗ್ಗದ ತಳಿಗಳಿಗೆ ಅವಕಾಶ ದೊರೆಯುತ್ತದೆ. 2004ರ ಏಪ್ರಿಲ್ 1ರಿಂದ ನಮ್ಮ ಸರ್ಕಾರ ಈ ಔಷಧಗಳನ್ನು ಉಚಿತವಾಗಿ ಕೊಡುತ್ತಿದೆ. ಹೀಗಿರುವಲ್ಲಿ ಗುಳಿಗೆ ತಪ್ಪುವುದೇಕೆ?

ಮನೆಯವರು ಕಂಡಾರೆಂಬ ಭಯ ಒಂದು ಕಾರಣ, ಖಿನ್ನತೆ ಇನ್ನೊಂದು. ಎಷ್ಟೋ ಸ್ತ್ರೀಯರಿಗೆ ಸೋಂಕು ಬಂದದ್ದು ಗಂಡನಿಂದ. ಆದರೆ ಬಸುರಿಯಾದಾಗಿನ ಪರೀಕ್ಷೆಯಲ್ಲಿ ಅವಳದೇ ಮೊದಲು ಬಯಲಾದರೆ ಅಪವಾದವೂ ಅವಳ ಪಾಲಿಗೇ ಬರುತ್ತದೆ. ಖಿನ್ನತೆಯೆಂಬುದು ಒಂದು ದಿನದ ಬೇಸರವಲ್ಲ. ನಿದ್ರೆ, ಹಸಿವು, ಆಸಕ್ತಿ ಎರಡು ವಾರಗಳಿಗೂ ಮೀರಿ ಕುಂದುವ ರೋಗ ಅದು. ಇದನ್ನು ಅಳೆಯಲು ಉಷ್ಣಮಾಪಕವಿಲ್ಲ. ಆದರೆ ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿಯುಂಟು. ಒಟ್ಟು 27 ಅಂಕಗಳಲ್ಲಿ 10 ಅಥವಾ ಹೆಚ್ಚು ಬಂದರೆ ವೈದ್ಯರು ಮುಂದಿನ ತಪಾಸಣೆ ಮಾಡುತ್ತಾರೆ.

ಶಿಕಾರಿಪುರದಿಂದ ಜಿಲ್ಲಾಕೇಂದ್ರವಾದ ಶಿವಮೊಗ್ಗಕ್ಕೆ ಸುಮಾರು 50 ಕಿಲೋಮೀಟರು; ಸೊರಬದಿಂದ ಇನ್ನೂ ದೂರ. ಅಲ್ಲಿಗೆ ಹೊರಟವಳ ಮಗುವನ್ನು ಅತ್ತೆ ನೋಡಿಕೊಂಡರೆ, ತಮ್ಮ ಜೊತೆಗೆ ಬಸ್ಸು ಹತ್ತಿದರೆ, ರಾತ್ರಿ ಯಾರಾದರೂ "ಗುಳಿಗೆ ಆಯಿತೇನಮ್ಮ?" ಎಂದು ಕೇಳಿದರೆ, ಅದೂ ಚಿಕಿತ್ಸೆಯ ಅಂಗವೇ ಆಗುತ್ತದೆ.

ಇದರ ಫಲವೇನು ಸಾಮಾನ್ಯವೇ? ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ 100ರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲಬಹುದು. ಸರಿಯಾದ ಚಿಕಿತ್ಸೆಯಿಂದ ಇದು 5ಕ್ಕಿಂತಲೂ ಕೆಳಗಿಳಿಯುತ್ತದೆ. ರಕ್ತಪರೀಕ್ಷೆಗೆ ಸಿಗದಷ್ಟು ವೈರಸ್ಸು ಅಡಗಿ, ಹಾಗೆಯೇ ಉಳಿದರೆ ದಾಂಪತ್ಯ ಸಂಪರ್ಕದಿಂದಲೂ ಅದು ಹರಡದು. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಕಾನೂನು, ಸೋಂಕಿತ ಸ್ತ್ರೀಗೆ ತಾನಿರುವ ಕುಟುಂಬದ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೊಟ್ಟಿದೆ. ಮನಸ್ಸು ಕುಗ್ಗಿದವರು 14416 ಸಂಖ್ಯೆಗೆ ಉಚಿತವಾಗಿ ದೂರವಾಣಿ ಮಾಡಿ ನೆರವು ಕೇಳಬಹುದು.

ತಟ್ಟೆಯನ್ನು ಬೇರೆಯಿಟ್ಟವರು ತಮ್ಮ ರಕ್ಷಣೆಗೆಂದು ಹಾಗೆ ಮಾಡುತ್ತಾರೆ. ಆದರೆ ಅದರಿಂದ ನೆರವಾಗುವುದು ವೈರಸ್ಸಿಗೆ ಮಾತ್ರ ಎಂಬುದನ್ನು ನಾವೂ ನೀವೂ ನಮ್ಮ ನಮ್ಮ ಮನೆಗಳಲ್ಲಿ ತಿಳಿಯಹೇಳಬೇಕಾಗಿದೆ.