ಮೋಟಾರು ಗಾಡಿಯ ರೂಪ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಹೊಕ್ಕವರು ಅದರ ಹೆಬ್ಬಾಗಿಲುಗಳ ದಾರಿ ನೇರವಾಗಿಲ್ಲದೆ ಹಾವಿನಂತೆ ಹೊರಳುವುದನ್ನು ಕಂಡಿರಬಹುದು. ಆನೆಯಾಗಲಿ ಮರದ ದಿಮ್ಮಿಯಾಗಲಿ ಓಡಿಬಂದು ಕದವನ್ನು ಗುದ್ದಲು ಬೇಕಾದಷ್ಟು ವೇಗ ಒದಗಬಾರದೆಂದು ಕಟ್ಟಿದವರು ಹಾಗೆ ಮಾಡಿದರು. ಇಂದು ನಮ್ಮ ಕಣ್ಣಿಗೆ ಸೊಗಸಾಗಿ ತೋರುವ ಆ ತಿರುವು ಅಂದು ಅಗತ್ಯದಿಂದ ಹುಟ್ಟಿದುದು. ಮೋಟಾರು ಗಾಡಿಗಳಲ್ಲಿ ಬಹುಕಾಲದಿಂದ ಆಸಕ್ತಿಯುಳ್ಳ ನಾವು ಅವುಗಳ ರೂಪವನ್ನು ಕುರಿತು ಹೇಳಬೇಕೆಂದಿರುವುದೂ ಇದನ್ನೇ. ದಾರಿಗೂ ಬಿಸಿಲಿಗೂ ಹೊರೆಗೂ, ಎದುರಿಗೆ ನಡೆದುಬರುವ ಮನುಷ್ಯನಿಗೂ ಒಪ್ಪುವ ಗಾಡಿಯೇ ಅಂದವಾದ ಗಾಡಿ.

ಈ ವಿಚಾರವನ್ನು ಒರೆಗೆ ಹಚ್ಚಲು ಚಿತ್ರದುರ್ಗದ ಸೀಮೆಗಿಂತ ತಕ್ಕ ಸ್ಥಳ ವಿರಳ. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿ ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುತ್ತದೆ. ಬಳ್ಳಾರಿಯ ಕಡೆಯಿಂದ ದಕ್ಷಿಣಕ್ಕೆ ಇಳಿಯುವ ದಾರಿ ಹಿರಿಯೂರಿನಲ್ಲಿ ಅದನ್ನು ಕೂಡುತ್ತದೆ. ಬೆಂಗಳೂರು–ಹುಬ್ಬಳ್ಳಿಯ ರೈಲಾದರೋ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಹೊಸದುರ್ಗ ರೋಡ್, ಚಿಕ್ಕಜಾಜೂರುಗಳ ಮೂಲಕ ಸಾಗುತ್ತದೆ. ಹೊಸದುರ್ಗ ರೋಡ್ ಎಂಬ ಹೆಸರೇ ತಿಳಿಸುವಂತೆ, ಊರು ನಿಲ್ದಾಣದಿಂದ ಬಹುದೂರ. ಆದಕಾರಣ ಈ ಸೀಮೆಯ ಬಾಳುವೆ ಬಹುಮಟ್ಟಿಗೆ ರಸ್ತೆಯನ್ನೇ ನಂಬಿಕೊಂಡಿದೆ. ಬೆಳಗ್ಗೆ ಹೆದ್ದಾರಿಯ ನುಣುಪಿನ ಮೇಲೆ ಓಡಿದ ಗಾಡಿಯೇ ಮಧ್ಯಾಹ್ನ ಹೊಳಲ್ಕೆರೆಯ ಅಡಿಕೆಯ ತೋಟದ ಕಲ್ಲುದಾರಿಯನ್ನೂ, ಸಂಜೆ ಕಪ್ಪು ಮಣ್ಣಿನ ಬಂಡಿಜಾಡನ್ನೂ ತುಳಿಯಬೇಕಾಗುತ್ತದೆ.

ಇಂತಹ ನೆಲವನ್ನು ಮೊದಲು ಅರ್ಥಮಾಡಿಕೊಂಡವನು ನಮ್ಮ ಹಳ್ಳಿಯ ಬಡಗಿ. ಎತ್ತಿನ ಗಾಡಿಗೆ ಅವನು ಆಳೆತ್ತರದ ಗಾಲಿಯನ್ನು ಮಾಡಿದುದು ಮೆರೆಸುವುದಕ್ಕಲ್ಲ. ದೊಡ್ಡ ಗಾಲಿ ಗುಂಡಿಯೊಳಗೆ ಬೀಳದೆ ಅದರ ಮೇಲೆ ಉರುಳಿಹೋಗುತ್ತದೆ ಎಂಬ ಕಾರಣಕ್ಕಾಗಿ. ಅಮೆರಿಕದ ಹೆನ್ರಿ ಫೋರ್ಡನೂ 1908ರಲ್ಲಿ ಹೊರತಂದ ಟಿ ಮಾದರಿಯ ಗಾಡಿಗೆ ಎತ್ತರದ ಗಾಲಿಗಳನ್ನೂ, ನೆಲದಿಂದ ಚೆನ್ನಾಗಿ ಮೇಲೆದ್ದ ತಳವನ್ನೂ ಕೊಟ್ಟನು. ಆ ದೇಶದ ರೈತರ ದಾರಿಗಳೂ ಅಂದು ಕೆಸರಿನವೇ ಆಗಿದ್ದವು. 1927ರವರೆಗೆ ಅಂತಹ ಗಾಡಿಗಳು ಒಂದೂವರೆ ಕೋಟಿಗೂ ಮಿಕ್ಕಿ ತಯಾರಾದವು. ಅದೇ 1927ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ಹಾರ್ಲಿ ಅರ್ಲ್ ಎಂಬವನ ಕೈಕೆಳಗೆ ಕಲೆ ಮತ್ತು ಬಣ್ಣಗಳ ಒಂದು ವಿಭಾಗವನ್ನೇ ತೆರೆಯಿತು. ಒಳಗಿನ ಯಂತ್ರ ಹಳೆಯದಾಗಿದ್ದರೂ ಹೊರಗಿನ ಉಡುಪನ್ನು ಆಗಾಗ ಬದಲಿಸಿ ಕೊಳ್ಳುವವನ ಆಸೆಯನ್ನು ಕೆರಳಿಸುವ ಪದ್ಧತಿ ಅಲ್ಲಿಂದ ಬಲಗೊಂಡಿತು. ಅಂದಿನಿಂದ ಮೋಟಾರು ಗಾಡಿಗೆ ದಾರಿ ಮತ್ತು ಅಂಗಡಿಗಳೆಂಬ ಇಬ್ಬರು ಯಜಮಾನರು.

ನಮ್ಮ ದೇಶದ ಗಾಡಿಗಳಲ್ಲಿಯೂ ಈ ಇಬ್ಬರ ಕೈವಾಡವನ್ನು ಕಾಣಬಹುದು. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಪಡಿಯಚ್ಚು. ಅದರ ಕೊರತೆಗಳು ಅನೇಕ. ಆದರೂ ಪೇಟ ತೆಗೆಯದೆ ಕುಳಿತುಕೊಳ್ಳಬಹುದಾದ ಎತ್ತರದ ಚಾವಣಿ, ಹಿಂದುಗಡೆ ಪಟ್ಟಿಗಳನ್ನು ಜೋಡಿಸಿದ ಉಕ್ಕಿನ ಸ್ಪ್ರಿಂಗುಗಳು, ಯಾವ ಊರಿನ ಮೇಸ್ತ್ರಿಯಾದರೂ ಬಿಚ್ಚಿ ಕಟ್ಟಬಹುದಾದ ಎಂಜಿನ್ ಎಂಬಿವು ಅದನ್ನು ನಮ್ಮ ನೆಲಕ್ಕೆ ಒಗ್ಗಿಸಿದವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಜಾಣ್ಮೆ ಬೇರೆ ಬಗೆಯದು. ಅದರ 796 ಸಿ.ಸಿ.ಯ ಪುಟ್ಟ ಎಂಜಿನ್ ಅಡ್ಡಲಾಗಿ ಕುಳಿತು ಮುಂದಿನ ಗಾಲಿಗಳನ್ನೇ ತಿರುಗಿಸುತ್ತಿತ್ತು. ಹಿಂಗಾಲಿಗೆ ಶಕ್ತಿಯನ್ನು ಒಯ್ಯುವ ಉದ್ದನೆಯ ದಂಡ ಬೇಡವಾದುದರಿಂದ ನಡುವಿನ ಉಬ್ಬು ಇಲ್ಲವಾಯಿತು. ಚಿಕ್ಕ ಗಾಡಿಯಲ್ಲಿ ನಾಲ್ವರಿಗೆ ಎಡೆ ದೊರೆಯಿತು. 1959ರಲ್ಲಿ ಅಲೆಕ್ ಇಸ್ಸಿಗೋನಿಸ್ ಎಂಬ ಯಂತ್ರಶಿಲ್ಪಿ ಇಂಗ್ಲೆಂಡಿನ ಮಿನಿ ಗಾಡಿಯಲ್ಲಿ ತೋರಿಸಿಕೊಟ್ಟ ತತ್ತ್ವವೇ ಇದು. ಮಾರುತಿ 800ರ ತಯಾರಿಕೆಯೂ 2014ರಲ್ಲಿಯೇ ನಿಂತಿತು.

ದಾರಿ, ಅಂಗಡಿಗಳ ಜೊತೆಗೆ ಸರಕಾರದ ಕಾಯಿದೆಯೂ ಗಾಡಿಯ ರೂಪವನ್ನು ಕೊರೆಯುತ್ತದೆ. 2006ರಲ್ಲಿ ಭಾರತ ಸರಕಾರವು 4 ಮೀಟರು ಉದ್ದವನ್ನು ಮೀರದ, ಪೆಟ್ರೋಲಿನದಾದರೆ 1200 ಸಿ.ಸಿ.ಯನ್ನೂ ಡೀಸೆಲಿನದಾದರೆ 1500 ಸಿ.ಸಿ.ಯನ್ನೂ ದಾಟದ ಗಾಡಿಗಳಿಗೆ ಸುಂಕವನ್ನು ಇಳಿಸಿತು. ಒಡನೆಯೇ ಗಾಡಿಗಳ ಬಾಲ ಮೊಟಕಾಗತೊಡಗಿತು. 2008ರ ಟಾಟಾ ಇಂಡಿಗೊ ಸಿ.ಎಸ್., 2012ರ ಸ್ವಿಫ್ಟ್ ಡಿಜೈರ್‌ಗಳಲ್ಲಿ ಡಿಕ್ಕಿಯನ್ನು ಕತ್ತರಿಸಿ ಅಂಟಿಸಿದಂತೆ ಕಾಣುವುದಕ್ಕೆ ಇದೇ ಕಾರಣ. 2025ರ ಸೆಪ್ಟೆಂಬರಿನಲ್ಲಿ ತೆರಿಗೆಯನ್ನು ಪರಿಷ್ಕರಿಸಿದಾಗಲೂ ಈ ಅಳತೆಗಳು ಉಳಿದುಕೊಂಡವು. ಉದ್ದಕ್ಕೆ ಮಿತಿಯುಂಟು, ಎತ್ತರಕ್ಕೆ ಅಂತಹ ಮಿತಿಯಿಲ್ಲ. ಉದ್ದದಲ್ಲಿ ಬೆಳೆಯಲಾರದ ಗಾಡಿಗಳು ಮೇಲಕ್ಕೆ ಬೆಳೆದುದರಲ್ಲಿ ಆಶ್ಚರ್ಯವೇನು?

ಎತ್ತರದ ವಿಷಯದಲ್ಲಿ ಒಂದು ವಿವೇಕ ಅವಶ್ಯ. ತಳ ನೆಲದಿಂದ ಎತ್ತರವಾಗಿರುವುದು ನಮ್ಮ ದಾರಿಗಳಿಗೆ ಬೇಕು. ಆದರೆ ಮೂತಿ ಗೋಡೆಯಂತೆ ಎದ್ದು ನಿಲ್ಲುವುದು ಯಾವ ದಾರಿಗೂ ಬೇಡ. ತಗ್ಗಿದ ಬಾನೆಟ್ಟಿನ ಗಾಡಿ ಮನುಷ್ಯನಿಗೆ ತಾಗಿದರೆ ಪೆಟ್ಟು ಕಾಲಿಗೆ ಬಿದ್ದು ಅವನು ಬಾನೆಟ್ಟಿನ ಮೇಲೆ ಉರುಳುತ್ತಾನೆ. ಎತ್ತರದ ಮೂತಿಯ ಪೆಟ್ಟಾದರೋ ನೇರವಾಗಿ ಎದೆಗೆ, ಮಗುವಾದರೆ ತಲೆಗೆ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 30 ಅಂಗುಲ ಮೀರದ ಓರೆ ಮೂತಿಯ ಗಾಡಿಗಿಂತ 40 ಅಂಗುಲಕ್ಕೂ ಎತ್ತರದ ಮೂತಿಯ ಗಾಡಿ ಬಡಿದಾಗ ಪಾದಚಾರಿಯ ಸಾವಿನ ಸಂಭವ ಶೇಕಡಾ 45ರಷ್ಟು ಹೆಚ್ಚು. ಹೆದ್ದಾರಿಯನ್ನು ದಾಟಿಯೇ ಶಾಲೆಗೂ ಸಂತೆಗೂ ಹೋಗಬೇಕಾದ ಜನರ ನಾಡಿನಲ್ಲಿ ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. ಕೆಲವರು ಅಂತಹ ಮೂತಿಗೆ ಕಬ್ಬಿಣದ ಕಂಬಿಯನ್ನೂ ಬಿಗಿಸುತ್ತಾರೆ. ಮುಂಭಾಗದ ತಗಡು ಮಡಿಸಿಕೊಂಡು ಪೆಟ್ಟನ್ನು ನುಂಗಬೇಕೆಂಬುದೇ ಈಗಿನ ರಚನೆಯ ಉದ್ದೇಶ. ಕಂಬಿ ಆ ಉಪಕಾರವನ್ನು ಕೆಡಿಸಿ ಪೆಟ್ಟನ್ನು ಒಳಗಿನವರಿಗೂ ಮುಟ್ಟಿಸುತ್ತದೆ. 2017ರಲ್ಲಿ ಕೇಂದ್ರ ಸರಕಾರವು ಇಂತಹ ಕಂಬಿಗಳ ವಿರುದ್ಧ ಕ್ರಮ ಕೈಗೊಳ್ಳಬೇಕೆಂದು ರಾಜ್ಯಗಳಿಗೆ ಬರೆದುದು ಇದಕ್ಕಾಗಿಯೇ.

ಗಾಲಿಯ ವಿಷಯದಲ್ಲಿಯೂ ಇಂತಹದೇ ಮೋಹ. ಲೋಹದ ಬಳೆ ದೊಡ್ಡದಾಗಿ ರಬ್ಬರು ತೆಳುವಾದರೆ ಗಾಡಿ ಬೀಗುವಂತೆ ತೋರುತ್ತದೆ. ಆದರೆ ಗುಂಡಿಯ ಪೆಟ್ಟನ್ನು ನುಂಗುವುದು ರಬ್ಬರು ಹಿಡಿದಿಟ್ಟ ಗಾಳಿಯೇ ಹೊರತು ಬಳೆಯ ಹೊಳಪಲ್ಲ. ಇನ್ನು ಬಿಸಿಲು. ಮುಂದಿನ ಗಾಜು ಹಿಂದಕ್ಕೆ ಒರಗಿದಷ್ಟೂ ನಡುಹಗಲಿನ ಬಿಸಿಲು ಒಳಗೆ ಹೆಚ್ಚಾಗಿ ಸುರಿಯುತ್ತದೆ. ಚಾವಣಿಗೂ ಗಾಜು ಹಾಕಿದರೆ ಚಿತ್ರದುರ್ಗದ ಏಪ್ರಿಲ್ ತಿಂಗಳನ್ನು ಹಣ ಕೊಟ್ಟು ಒಳಗೆ ಕರೆದಂತಾಗುತ್ತದೆ. ಒಳಗಿನ ಯಂತ್ರ ಅದನ್ನು ತಂಪುಮಾಡಲು ಮತ್ತಷ್ಟು ಇಂಧನವನ್ನು ಬೇಡುತ್ತದೆ.

ರಾತ್ರಿ ಹಿರಿಯೂರಿನ ಹಾದಿಯಲ್ಲಿ ಎದುರಿನ ಬೆಳಕಿಗೆ ಕಣ್ಣು ಕತ್ತಲೆಗಟ್ಟುವ ಅನುಭವ ಅನೇಕರದು. ಹಿಂದುಗಡೆ ಮೂಟೆಗಳನ್ನು ಹೇರಿದಾಗ ಗಾಡಿಯ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ. ದೀಪ ನೆಲವನ್ನು ಬಿಟ್ಟು ಎದುರಿನವನ ಕಣ್ಣಿಗೆ ಬೀಳುತ್ತದೆ. ಇದನ್ನು ತಗ್ಗಿಸಲೆಂದೇ ಅನೇಕ ಗಾಡಿಗಳಲ್ಲಿ ಸ್ಟಿಯರಿಂಗಿನ ಬಳಿ ಒಂದು ಚಿಕ್ಕ ತಿರುಗಣೆಯುಂಟು. ಕೊಂಡ ದಿನದಿಂದ ಅದನ್ನು ಮುಟ್ಟದವರೇ ಬಹುಮಂದಿ. ಆ ಬೆಳಕಿನಲ್ಲಿ ದೀಪವಿಲ್ಲದ ಎತ್ತಿನ ಗಾಡಿಯಾಗಲಿ, ಸೈಕಲಿನವನಾಗಲಿ ಎದುರಿನ ಚಾಲಕನಿಗೆ ಕಾಣಿಸುವುದೇ ಇಲ್ಲ.

ಆದುದರಿಂದ ಗಾಡಿಯನ್ನು ಕೊಳ್ಳುವವರು ಅಂಗಡಿಯ ದೀಪಗಳ ಕೆಳಗೆ ಅದನ್ನು ನೋಡಿ ಮನಸೋಲುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ತಳಕ್ಕೂ ನೆಲಕ್ಕೂ ಅಂತರವೆಷ್ಟು? ರಬ್ಬರು ಎಷ್ಟು ದಪ್ಪ? ಚಾಲಕನ ಸ್ಥಾನದಿಂದ ಮುಂದೆ ನಿಂತ ಮಗು ಕಾಣುವುದೇ? ಹಿಂದೆ ಕುಳಿತವರಿಗೆಲ್ಲ ಸರಿಯಾದ ಪಟ್ಟಿಯುಂಟೇ? ಕೊಳ್ಳುವವರು ಕೇಳದ ಗುಣವನ್ನು ಯಾವ ಕಾರ್ಖಾನೆಯೂ ತಾನಾಗಿ ಕೊಡುವುದು ಅಪರೂಪ.

ಆಯುಧಪೂಜೆಯ ದಿನ ಗಾಡಿಯನ್ನು ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣನ್ನಿಡುವುದು ನಮ್ಮ ಮನೆಗಳ ರೂಢಿ. ಎತ್ತಿನ ಗಾಡಿಯ ಕಾಲದಲ್ಲಿ ಆ ದಿನ ಕೀಲುಗಳಿಗೆ ಎಣ್ಣೆ ಬೀಳುತ್ತಿತ್ತು, ಸಡಿಲವಾದ ಕಡಾಣಿ ಬಿಗಿಯಾಗುತ್ತಿತ್ತು. ಇಂದೂ ಹಾರದ ಜೊತೆಗೆ ಟಯರುಗಳ ಗಾಳಿಯನ್ನು ಅಳೆಸಿ, ದೀಪಗಳ ನೋಟವನ್ನು ನೆಲಕ್ಕೆ ತಿರುಗಿಸಿ, ಮೂತಿಯ ಕಂಬಿಯನ್ನು ಬಿಚ್ಚಿಸಿದರೆ ಪೂಜೆ ಸಾಂಗವಾಗುವುದೆಂದು ನಮ್ಮ ನಂಬಿಕೆ.